ಗಣಿಯ ನೀರಿನ ಲೆಕ್ಕಕ್ಕೆ ಪಂಪಿನ ಅಂಕಿ ಸಾಲದು

ಮಾನ್ಯರೇ,

ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತೆಂದರೆ ರಾಯಚೂರು ಜಿಲ್ಲೆಯ ಹಟ್ಟಿ ಸುತ್ತಮುತ್ತ ಮಾತು ಚಿನ್ನದ ಗಣಿಯತ್ತ ಹೊರಳುವುದು ಸಹಜ. ಆದರೆ 'ದಿನಕ್ಕೆ ಇಷ್ಟು ಲಕ್ಷ ಲೀಟರ್ ಹೊರಹಾಕುತ್ತಾರೆ' ಎಂಬ ಒಂದೇ ಅಂಕಿ ಹಿಡಿದು ಗಣಿ ಅಂತರ್ಜಲ ಹೀರುತ್ತಿದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು.

ಯಾವುದೇ ಭೂಗತ ಗಣಿಯಲ್ಲಿ ಪಂಪ್ ಎತ್ತುವ ನೀರಿನಲ್ಲಿ ಡ್ರಿಲ್ಲಿಂಗ್‌ಗೆ, ದೂಳಿಗೆ ಚಿಮುಕಿಸಲು ಮೇಲಿನಿಂದಲೇ ಕಳಿಸಿದ ನೀರೂ ಇರುತ್ತದೆ. ಅದನ್ನು ಕಳೆಯಬೇಕು. ಅದಿರಿಗೆ ಅಂಟಿ ಮೇಲೆ ಬಂದ ತೇವ, ಗಾಳಿಯೊಂದಿಗೆ ಹೋದ ಆವಿ ಎರಡನ್ನೂ ಕೂಡಬೇಕು. ಸಂಪ್ (ಗಣಿಯೊಳಗೆ ನೀರು ಕೂಡುವ ಗುಂಡಿ) ಮತ್ತು ಹಳೆಯ ಸುರಂಗಗಳಲ್ಲಿ ಸಂಗ್ರಹ ಏರಿದ್ದರೆ ಕೂಡಿ, ಇಳಿದಿದ್ದರೆ ಕಳೆದಾಗ ಉಳಿಯುವುದೇ ಬಂಡೆಯಿಂದ ಒಸರಿದ ನೀರು. ಆವಿಯನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೆಕೆಂಡಿಗೆ 100 ಘನ ಮೀಟರ್ ಗಾಳಿ ಹರಿದು, ಪ್ರತಿ ಕಿಲೋ ಗಾಳಿ 10 ಗ್ರಾಂ ತೇವ ಹೆಚ್ಚುವರಿಯಾಗಿ ಹೊತ್ತೊಯ್ದರೆ ದಿನಕ್ಕೆ ಸುಮಾರು ಒಂದು ಲಕ್ಷ ಲೀಟರ್! ಮಳೆಗಾಲದಲ್ಲಿ ಒಳಹೋಗುವ ಗಾಳಿಯೇ ತೇವವಾಗಿರುವುದರಿಂದ ಇದು ತಗ್ಗುತ್ತದೆ. ವರ್ಷಕ್ಕೊಂದು ಸರಾಸರಿ ಹಾಕಿ ಕೂತರೆ ಲೆಕ್ಕ ಕೆಡುತ್ತದೆ.

ಪಂಪ್ ಓಡಿದ ಗಂಟೆಯನ್ನು ನೇಮ್‌ಪ್ಲೇಟಿನಲ್ಲಿ ತಯಾರಕರು ಬರೆದ ಸಾಮರ್ಥ್ಯದಿಂದ ಗುಣಿಸುವುದು ಇನ್ನೊಂದು ಚಟ. ಮರಳಿಗೆ ಸವೆದ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಅಷ್ಟು ನೀರೆತ್ತುವುದಿಲ್ಲ. ಸಂಪ್‌ನಲ್ಲೇ ಪರೀಕ್ಷಿಸಬಹುದು: ಪಂಪ್ ನಿಲ್ಲಿಸಿ 10 ನಿಮಿಷ ಏರಿಕೆ ಅಳೆಯಿರಿ, ಓಡಿಸಿ 10 ನಿಮಿಷ ಇಳಿಕೆ ಅಳೆಯಿರಿ. 20 ಚದರ ಮೀಟರ್ ಸಂಪ್‌ನಲ್ಲಿ 10 ಸೆಂ.ಮೀ. ಏರಿ, 20 ಸೆಂ.ಮೀ. ಇಳಿದರೆ, ಓಡುವಾಗಲೂ ನೀರು ಒಸರುತ್ತಲೇ ಇರುವುದರಿಂದ ಎರಡನ್ನೂ ಕೂಡಿ, ಪಂಪ್ ಎತ್ತುತ್ತಿರುವುದು ಗಂಟೆಗೆ 36,000 ಲೀಟರ್. ನೀರು ಹಿಂದಿರುಗದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಸೋರುತ್ತಿದ್ದರೆ ಪೈಪಿನ ನೀರು ಹಿಂದಿರುಗಿ ಏರಿಕೆಯನ್ನು ಸುಳ್ಳಾಗಿ ಹೆಚ್ಚಿಸುತ್ತದೆ, ಅದನ್ನು ಮೊದಲು ನೋಡಿಕೊಳ್ಳಬೇಕು. ಆಳದ ಗಣಿಯಲ್ಲಿ ನೀರು ಒಂದು ಲೆವೆಲ್‌ನಿಂದ ಮೇಲಿನದಕ್ಕೆ ಹಂತಹಂತವಾಗಿ ಏರುತ್ತದೆ. ಎಲ್ಲ ಪಂಪ್‌ಗಳ ಅಂಕಿ ಕೂಡಿದರೆ ಅದೇ ನೀರು ಮೂರ್ನಾಲ್ಕು ಸಲ ಎಣಿಕೆಯಾಗುತ್ತದೆ. ಚರಂಡಿಯಲ್ಲಿ 90 ಡಿಗ್ರಿಯ ವಿ-ನಾಚ್ (ಹರಿವು ಅಳೆಯಲು 'ವಿ' ಆಕಾರದಲ್ಲಿ ಕೊರೆದ ಹಲಗೆ) ಇಟ್ಟರೆ ಓದಿನ ತಪ್ಪು ದುಬಾರಿ: ಕೊರೆತದ ತಳದಿಂದ ನೀರಿನ ಎತ್ತರ 10 ಸೆಂ.ಮೀ. ಇದ್ದರೆ ಸೆಕೆಂಡಿಗೆ 4.4 ಲೀಟರ್, 12 ಸೆಂ.ಮೀ.ಗೆ 6.9 ಲೀಟರ್. ಹಲಗೆಯ ಹಿಂದಿನ ಹೂಳನ್ನೂ ಆಗಾಗ ತೆಗೆಯಬೇಕು.

ಇನ್ನು ಮೇಲ್ಮೈಯಿಂದ ಅಂತರ್ಜಲ ಮಟ್ಟ ನೋಡುವ ಮಾತು. ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲು ಇರುವುದು ಮರಳುಗಲ್ಲಿನ ಪದರಗಳಲ್ಲಿ, ನಮ್ಮದು ಗಟ್ಟಿಶಿಲೆ. ಇಲ್ಲಿ ನೀರಿರುವುದು ಮೇಲಿನ ಶಿಥಿಲ ಪದರ ಮತ್ತು ಕೆಳಗಿನ ಬಿರುಕುಗಳಲ್ಲಿ. ಆದ್ದರಿಂದ ಒಂದೇ ತೆರೆದ ಬೋರ್‌ನಲ್ಲಿ ಮಟ್ಟ ನೋಡಿದರೆ ಎರಡೂ ಬೆರೆತು ಏನೂ ತಿಳಿಯುವುದಿಲ್ಲ. ಎರಡು ಆಳಕ್ಕೆ ಬೇರೆ ಬೇರೆ ಪೀಜೋಮೀಟರ್ (ಒಂದು ಆಳದ ನೀರಿನ ಮಟ್ಟವನ್ನಷ್ಟೇ ತೋರಿಸುವ ಕೊಳವೆ) ಇರಬೇಕು, ನಡುವೆ ನೀರು ಬೆರೆಯದಂತೆ ಬೆಂಟೋನೈಟ್ ಜೇಡಿಯ ಮುಚ್ಚಿಗೆ ಬೇಕು. ಗಣಿಯಿಂದ ದೂರ, ಪಂಪಿಂಗ್ ಪ್ರಭಾವ ತಟ್ಟದ ಕಡೆಯೂ ಒಂದು ಬೇಕು. ಬರಕ್ಕೆ ಇಳಿದದ್ದೋ ಗಣಿಗೆ ಇಳಿದದ್ದೋ ಎಂದು ಹೇಳುವುದು ಅದೇ. ನಾರಾಯಣಪುರ ಬಲದಂಡೆ ಕಾಲುವೆಗೆ ಹತ್ತಿರದ ಬಾವಿಗಳಲ್ಲಿ, ಕಾಲುವೆಗೆ ನೀರು ಬಿಟ್ಟ, ನಿಲ್ಲಿಸಿದ ದಿನಾಂಕವನ್ನೂ ಪಕ್ಕದಲ್ಲಿ ಬರೆಯದೆ ಮಟ್ಟದ ಗ್ರಾಫ್ ಓದಬಾರದು.

ಪಂಪಿನ ಒಟ್ಟು ಅಂಕಿಯ ಬದಲು ಈ ಎಲ್ಲ ಬಾಬ್ತುಗಳನ್ನು ಪ್ರತಿ ತಿಂಗಳು ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕುವಂತೆ ಜಿಲ್ಲಾಡಳಿತ ಸೂಚಿಸಲಿ. ಲೆಕ್ಕ ತಾಳೆಯಾಗದೆ ಉಳಿದ ಮೊತ್ತವನ್ನೂ ಮುಚ್ಚಿಡದೆ ಬರೆಯಲಿ.

— ಓದುಗರೊಬ್ಬರು, ಲಿಂಗಸುಗೂರು