ಬೆಲ್ಲದ ಕಾಫಿ, ಬೀಟ್ ಪುಸ್ತಕ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ‘ನಮ್ಮ ಕ್ವಾರ್ಟರ್ಸ್ ಇನ್ನೂ ಇದೆಯಾ?’ ಎಂದು ನೀನು ಕೇಳಿದೆ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಇದೆ ಮಾರಾಯ. ಗೋಡೆಗೆಲ್ಲ ಹಾವಸೆ ಹಿಡಿದಿದೆ, ಬಾಗಿಲವರೆಗೂ ಗಿಡ ಬೆಳೆದಿದೆ. ಹಿತ್ತಲಲ್ಲಿ ನೀನು ನೆಟ್ಟ ಪೇರಳೆ ಮರಕ್ಕೆ ಈಗ ಮಂಗಗಳೇ ಯಜಮಾನರು. ಒಳಗೆ ಹೋಗಲಿಲ್ಲ. ರಿಟೈರ್ ಆದ ಪೊಲೀಸಿನವನು ಬೀಗ ಹಾಕಿದ ಮನೆಗೆ ನುಗ್ಗಿದರೆ ಚೆನ್ನಾಗಿರುತ್ತಾ?

ನಾನು ಘಟ್ಟಕ್ಕೆ ವರ್ಗವಾಗಿ ಬಂದಾಗ ಕುದುರೆಮುಖ ಎಂದರೆ ನಿಮ್ಮ ಕಬ್ಬಿಣದ ಅದಿರಿನ ಕಂಪನಿ. ಇರಾನಿನ ಷಾ ದುಡ್ಡು ಕೊಡುತ್ತೇನೆ ಅಂದದ್ದು, 1979ರಲ್ಲಿ ಅವನೇ ದೇಶ ಬಿಟ್ಟು ಓಡಿದ್ದು, ಈ ಕಥೆಯನ್ನು ಟೀ ಅಂಗಡಿಯಲ್ಲಿ ನೀನು ಎಷ್ಟು ಸಲ ಹೇಳಿಲ್ಲ! ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದಿರಿ. ‘ಗುಡ್ಡಕ್ಕೆ ಭೇದಿ ಹಿಡಿದಿದೆ’ ಎನ್ನುತ್ತಿದ್ದೆ ನೀನು.

ಆಗ ನಮ್ಮ ಠಾಣೆಗೆ ಬರುತ್ತಿದ್ದದ್ದೇನು? ಸಂಬಳದ ವಾರ ಇಸ್ಪೀಟು, ಕುಡಿದು ಹೊಡೆದಾಟ, ಒಂದಿಷ್ಟು ಕೋಳಿ ಅಂಕ. ಕೇಸು ಮಾಡಿದ್ದಕ್ಕಿಂತ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದ್ದೇ ಜಾಸ್ತಿ. ನಿನ್ನ ಪರಿಚಯ ಆದದ್ದೂ ಹಾಗೇ ಅಲ್ವಾ? ಪಂಚನಾಮೆಗೆ ಸಹಿ ಹಾಕುವವರು ಸಿಗದೆ, ನೈಟ್ ಶಿಫ್ಟ್ ಮುಗಿಸಿ ಮನೆಗೆ ಹೊರಟಿದ್ದ ನಿನ್ನನ್ನು ಎಳೆದುಕೊಂಡು ಬಂದಿದ್ದೆ. ಸಹಿ ಹಾಕಿ, ಬೈದು, ಆಮೇಲೆ ನೀನೇ ಟೀ ಕುಡಿಸಿದೆ.

1999ಕ್ಕೆ ಗಣಿಯ ಲೀಸ್ ಮುಗಿಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಿತು. 2005ರ ಡಿಸೆಂಬರ್ 31ಕ್ಕೆ ಎಲ್ಲ ನಿಂತಿತು. ಗಣಿ ನಿಂತದ್ದು ತಪ್ಪು ಎಂದು ನಾನು ಹೇಳುವುದಿಲ್ಲ, ನಿನಗೆ ಸಿಟ್ಟು ಬಂದರೂ ಸರಿ. ಮಳೆಗಾಲದಲ್ಲಿ ಭದ್ರೆಯ ನೀರನ್ನು ಬೊಗಸೆಯಲ್ಲಿ ಹಿಡಿದರೆ ತಳದಲ್ಲಿ ಏನು ಉಳಿಯುತ್ತಿತ್ತು ಎಂದು ನಿನಗೂ ಗೊತ್ತು.

ಆದರೆ ನಿನಗೆ ಇದುವರೆಗೆ ಹೇಳದ ಒಂದು ವಿಷಯ ಇದೆ.

ಸಂಸೆ ಕಡೆ ನನ್ನ ಗಸ್ತಿನ ಬೀಟಿನಲ್ಲಿ ಒಂದು ಒಂಟಿ ಮನೆ. ಗದ್ದೆ ದಾಟಿ, ಸಂಕದ ಮೇಲೆ ಹಳ್ಳ ದಾಟಿ ಹತ್ತಬೇಕು. ಮಳೆಯಲ್ಲಿ ನಮ್ಮ ಅಗಲ ಅಂಚಿನ ಪೊಲೀಸ್ ಟೋಪಿ, ಆ ಸ್ಲೋಚ್ ಹ್ಯಾಟ್, ನೀರು ಕುಡಿದು ಕುಡಿದು ತಲೆ ಮೇಲೆ ಕಲ್ಲಿಟ್ಟ ಹಾಗೆ ಆಗುತ್ತಿತ್ತು. ಆ ಮನೆಯ ಅಜ್ಜಿ ಅದನ್ನು ಇಸಿದುಕೊಂಡು ಒಲೆಯ ಪಕ್ಕ ಕವುಚಿ ಹಾಕುತ್ತಿದ್ದರು. ಕಾಲಿನ ಇಂಬಳಕ್ಕೆ ಸುಣ್ಣ, ಕೈಗೆ ಬೆಲ್ಲದ ಕಾಫಿ, ಜೊತೆಗೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ನಾನು ಗಸ್ತಿಗೆ ಬಂದದ್ದಕ್ಕೆ ಬೀಟ್ ಪುಸ್ತಕದಲ್ಲಿ ಸಹಿ ಹಾಕುವಾಗ ‘ಇದ್ರಲ್ಲಿ ನನ್ನ ಜಮೀನು ಹೋಗಲ್ಲ ತಾನೆ?’ ಎಂದು ನಗುತ್ತಿದ್ದರು. ತಮಾಷೆಯೂ ಹೌದು, ಹೆದರಿಕೆಯೂ ಹೌದು. ನ್ಯಾಷನಲ್ ಪಾರ್ಕಿನವರು ಎಬ್ಬಿಸುತ್ತಾರೆ ಎಂಬ ಮಾತು ಆಗಲೇ ಮನೆಮನೆಯಲ್ಲೂ ಇತ್ತು.

2003ರ ನವೆಂಬರಿನಲ್ಲಿ ಈದುವಿನಲ್ಲಿ ನಕ್ಸಲರ ಎನ್‌ಕೌಂಟರ್ ಆಯಿತು. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದಲ್ಲಿ ಅವರ ನಾಯಕ ಸಾಕೇತ್ ರಾಜನ್ ಸತ್ತ. ನಡುವಿನ ಆ ದಿನಗಳಲ್ಲಿ, ನಕ್ಸಲರಿಗೆ ಯಾರು ಊಟ ಹಾಕುತ್ತಾರೆ ಎಂದು ಹುಡುಕುತ್ತಿದ್ದಾಗ, ಒಂದು ಸಲ ಆ ಮನೆಗೆ ಹೋದೆ. ಕಾಫಿ ಬಂತು. ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ, ‘ಅಜ್ಜೀ, ಈ ತಿಂಗಳು ಅಕ್ಕಿ ಎಷ್ಟು ತಂದಿರಿ? ಇರುವುದು ಮೂರೇ ಜನ ಅಲ್ವಾ?’

ಅಜ್ಜಿ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಅಕ್ಕಿ ಡಬ್ಬವನ್ನೇ ಎಳೆದು ತಂದು ನನ್ನ ಮುಂದೆ ಇಟ್ಟರು. ‘ಅಳೆದುಕೋ’ ಎಂದರು. ಅಲ್ಲಿಯವರೆಗೆ ನನ್ನನ್ನು ಏಕವಚನದಲ್ಲಿ ಕರೆದವರೇ ಅಲ್ಲ.

ಆಮೇಲೆ ಹೋದಾಗಲೆಲ್ಲ ಸಹಿ ಸಿಕ್ಕಿತು. ಕಾಫಿ ಸಿಗಲಿಲ್ಲ. ಮೇಲಿನವರು ಹೇಳಿದ್ದನ್ನು ಕೇಳಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಾಗೆ ಲೋಟ ಹಿಡಿದುಕೊಂಡು ಕೇಳು ಎಂದು ಯಾರೂ ಹೇಳಿರಲಿಲ್ಲ.

ಈಗ ಆ ಕಾಲವೂ ಮುಗಿಯಿತು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದರಲ್ಲ, ಅವರಲ್ಲಿ ಒಬ್ಬಳು ಬಾಳೆಹೊಳೆಯವಳು. ಟಿವಿಯಲ್ಲಿ ಮುಖ ನೋಡಿದೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದರೆ ಯಾರದೋ ಅತ್ತಿಗೆ ಅಂದುಕೊಳ್ಳುತ್ತಿದ್ದೆ. ಸ್ಲೋಚ್ ಹ್ಯಾಟ್ ಕೂಡ ಹೋಯಿತು, ಹುಡುಗರಿಗೆ ಪೀಕ್ ಕ್ಯಾಪ್ ಬಂದಿದೆ. ಬೀಟೂ ಮೊಬೈಲಿನಲ್ಲೇ ಅಂತೆ. ಅವರಿಗೀಗ ಶನಿವಾರ, ಭಾನುವಾರದ್ದೇ ತಲೆನೋವು. ಶಿಖರಕ್ಕೆ ದಿನಕ್ಕೆ 300 ಜನ, ಅದೂ ಆನ್‌ಲೈನ್ ಬುಕಿಂಗ್. ಚಾರಣ ಶುರುವಾಗುವ ಮುಳ್ಳೋಡಿಗೆ ಜೀಪುಗಳ ಸಾಲು. ಕುಡಿದು ಬಂಡೆ ಹತ್ತುವವರು, ದಾರಿಗೆ ಅಡ್ಡ ಕಾರು ನಿಲ್ಲಿಸಿ ಫೋಟೋ ತೆಗೆಯುವವರು. ನಿಮ್ಮ ಕಾಲದ ಕುಡುಕನನ್ನು ಹೆಸರು ಹಿಡಿದು ಗದರಿಸಬಹುದಿತ್ತು. ಇವರದು ಬರೀ ಗಾಡಿ ನಂಬರು.

ಹಾಂ, ಆ ಮನೆಗೂ ಹೋಗಿದ್ದೆ. ಅಜ್ಜಿ ಇಲ್ಲ. ಮೊಮ್ಮಗ ಹೋಂಸ್ಟೇ ಮಾಡಿದ್ದಾನೆ. ಸಂಕದ ಜಾಗದಲ್ಲಿ ಮೋರಿ ಬಂದಿದೆ, ಅಂಗಳದವರೆಗೂ ಜೀಪು ಹೋಗುತ್ತದೆ. ನಾನು ಯಾರು ಎಂದು ಹೇಳಬೇಕು ಅಂತಲೇ ಹೋದವನು. ಬಾಯಿ ತೆರೆಯುವ ಮೊದಲೇ ಹುಡುಗ ರಿಜಿಸ್ಟರ್ ಬಿಚ್ಚಿ, ‘ಅಂಕಲ್, ಆಧಾರ್ ಕಾರ್ಡ್ ಕೊಡಿ. ಪೊಲೀಸಿನವರು ಕೇಳ್ತಾರೆ’ ಎಂದ. ಕೊಟ್ಟೆ. ನಂಬರನ್ನು ಎರಡೆರಡು ಸಲ ನೋಡಿ ಬರೆದುಕೊಂಡ, ಎಲ್ಲಿಂದ ಬಂದಿರಿ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದ. ಎಲ್ಲದಕ್ಕೂ ಉತ್ತರ ಕೊಟ್ಟು ಸಹಿ ಹಾಕಿದೆ. ಯಾರು ಎಂದು ಮಾತ್ರ ಹೇಳಲಿಲ್ಲ.

ಆಮೇಲೆ ಕಾಫಿ ತಂದ. ಸಕ್ಕರೆಯದು.

ಮಳೆ ಹಿಡಿಯುವ ಮೊದಲು ನೀನೂ ಬಾ. ಕಾರ್ಕಳದಿಂದ ಬೆಳಿಗ್ಗೆ ಬೇಗ ಹೊರಡು. ಚೆಕ್‌ಪೋಸ್ಟಿನಲ್ಲಿ ಟೈಮ್ ಬರೆದ ಚೀಟಿ ಕೊಡುತ್ತಾರೆ, ದಾರಿಯಲ್ಲಿ ನಿಲ್ಲಿಸುವ ಹಾಗಿಲ್ಲ. ಆಧಾರ್ ಮರೆಯಬೇಡ.

ನಿನ್ನ,
ಹಳೇ ದಫೇದಾರ