ಕೂತು ನೋಡಿ, ಆಮೇಲೆ ಕುರ್ಚಿ ಒಯ್ಯಿರಿ

ನಮ್ಮ ಗ್ರಾಹಕರಿಗೆ ನಮಸ್ಕಾರ,

ವಿಜಯಪುರದ ನಮ್ಮ ಅಂಗಡಿಯಲ್ಲಿ ಬರುವ ತಿಂಗಳಿಂದ ಕಪ್ಪು ರೆಕ್ಸಿನ್‌ನ ಬಾಸ್ ಚೇರ್ (ಎತ್ತರ ಬೆನ್ನಿನ, ದಪ್ಪ ಮೆತ್ತೆಯ ಆಫೀಸ್ ಕುರ್ಚಿ) ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ನೋಡಿ "ಹತ್ತು ಕಳಿಸ್ರಿ" ಎನ್ನುವ ಆರ್ಡರನ್ನೂ ನಿಲ್ಲಿಸಿದ್ದೇವೆ. ಯಾವುದೇ ಕುರ್ಚಿ ಇರಲಿ, ದಿನವೂ ಅದರ ಮೇಲೆ ಕೂರುವವರೇ ಅಂಗಡಿಗೆ ಬಂದು ಕೂತು ನೋಡಬೇಕು. ಆಗದಿದ್ದರೆ ಹೇಳಿ, ನಾವೇ ಮಾದರಿಗಳನ್ನು ನಿಮ್ಮ ಆಫೀಸಿಗೆ ತರುತ್ತೇವೆ.

ಬಾಸ್ ಚೇರ್ ನೋಡಲಿಕ್ಕೆ ಜೋರು, ಒಪ್ಪುತ್ತೇವೆ. ಆದರೆ ಇಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ರೆಕ್ಸಿನ್‌ನಲ್ಲಿ ಗಾಳಿಯಾಡುವುದಿಲ್ಲ, ಅಂಗಿ ಬೆನ್ನಿಗೆ ಅಂಟುತ್ತದೆ, ಕೆಲ ವರ್ಷಕ್ಕೆ ಸಿಪ್ಪೆ ಏಳುತ್ತದೆ. ಇನ್ನು ಮೆಶ್ (ಗಾಳಿಯಾಡುವ ಜಾಳಿಗೆ) ಬೆನ್ನಿನ, ಬಟ್ಟೆ ಸೀಟಿನ ಕುರ್ಚಿಗಳನ್ನಷ್ಟೇ ಇಡುತ್ತೇವೆ. ಬೆಲೆ ಸ್ವಲ್ಪ ಜಾಸ್ತಿ.

ಕೂತು ನೋಡುವ ಹಟ ಯಾಕೆ ಅಂತೀರಾ? ಸೊಸೈಟಿಗಳಲ್ಲಿ, ಆಡಿಟರ್ ಆಫೀಸುಗಳಲ್ಲಿ ಟೇಬಲ್ ಸಾಮಾನ್ಯವಾಗಿ 30 ಇಂಚು ಎತ್ತರ. ಐದಡಿ ಎತ್ತರದ ಅಕ್ಕಾವರು ಕೀಬೋರ್ಡಿಗೆ ಕೈ ಸರಿಹೋಗಲೆಂದು ಕುರ್ಚಿ ಏರಿಸಿದರೆ ಪಾದ ನೆಲ ಬಿಡುತ್ತದೆ. ಸೀಟಿನ ಅಂಚು ತೊಡೆಯ ಕೆಳಗೆ ಒತ್ತಿ ಸಂಜೆಗೆ ಕಾಲು ಜೋಮು ಹಿಡಿಯುತ್ತದೆ. ಇಳಿಸಿದರೆ ಭುಜ ಮೇಲೇರಿ ಕುತ್ತಿಗೆ ನೋವು. ದುಬಾರಿ ಕುರ್ಚಿ ತಂದರೂ ಇದು ಹೋಗುವುದಿಲ್ಲ. ಒಂದು ಕಾಲುಮಣೆ ಬೇಕು, ಅಷ್ಟೇ. ಅದನ್ನು ನಾವೇ ಕಟ್ಟಿಗೆಯಲ್ಲಿ ಮಾಡಿಸಿದ್ದೇವೆ. ಬೇಕಾದವರಿಗೆ ಕುರ್ಚಿಯ ಜೊತೆ ಉಚಿತ.

ಕೂತಾಗ ಬೆನ್ನು ಪೂರ್ತಿ ಹಿಂದಕ್ಕೆ ತಾಗಿಸಿ. ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಸೊಂಟ ಒಳಗೆ ಬಾಗುವ ಜಾಗಕ್ಕೆ ಆಸರೆ ಸಿಗಬೇಕು. ಕೈ ಇಡುವ ಹಿಡಿ ಟೇಬಲ್ಲಿಗೆ ಬಡಿದು ಕುರ್ಚಿ ಒಳಗೆ ಹೋಗದಿದ್ದರೆ ಅದು ಬೇಡವೇ ಬೇಡ, ಇಡೀ ದಿನ ಮುಂದಕ್ಕೆ ಬಾಗಿ ಕೂರಬೇಕಾಗುತ್ತದೆ. ಕೋಲು ನುಂಗಿದ ಹಾಗೆ ನೆಟ್ಟಗೆ ಕೂರುವುದೂ ಬೇಡ. ತೊಡೆಗೂ ಬೆನ್ನಿಗೂ ನಡುವೆ 100-110 ಡಿಗ್ರಿ ಕೋನ ಬರುವಷ್ಟು ಹಿಂದಕ್ಕೆ ಒರಗಿದರೆ ಬೆನ್ನುಮೂಳೆಯ ಡಿಸ್ಕ್‌ಗಳ ಮೇಲೆ ಒತ್ತಡ ಕಡಿಮೆ. ಎಂಥ ಕುರ್ಚಿಯಾದರೂ ಅರ್ಧ ಗಂಟೆಗೊಮ್ಮೆ ಏಳಲೇಬೇಕು. ಚಹಾದ ನೆಪ ಇದ್ದೇ ಇದೆಯಲ್ವಾ?

ಈ ಮೊದಲು ನಮ್ಮಲ್ಲಿ ಬಾಸ್ ಚೇರ್ ಕೊಂಡವರು ಗಾಬರಿಯಾಗಬೇಡಿ, ರಿಪೇರಿ ಮುಂದುವರಿಯುತ್ತದೆ. ಏರಿಸಿದ ಕುರ್ಚಿ ತಾನಾಗಿ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಗ್ಯಾಸ್ ಲಿಫ್ಟ್ (ಸೀಟನ್ನು ಏರಿಸಿ ಇಳಿಸುವ ನಡುವಿನ ಕೊಳವೆ) ಹೋಗಿರುತ್ತದೆ. ಅದೊಂದನ್ನೇ ಬದಲಿಸಬಹುದು, ಸುಮ್ನೆ ಇಡೀ ಕುರ್ಚಿ ಗುಜರಿಗೆ ಹಾಕಬೇಡಿ.

ಬರುವಾಗ ನಿಮ್ಮ ಟೇಬಲ್ಲಿನ ಎತ್ತರ ಅಳೆದುಕೊಂಡು ಬನ್ನಿ. ದಿನಾ ಆಫೀಸಿಗೆ ಹಾಕುವ ಚಪ್ಪಲಿಯನ್ನೇ ಹಾಕಿಕೊಳ್ಳಿ, ಅಳತೆಗೆ ಅದೂ ಲೆಕ್ಕ.

ಇಂತಿ,
ಅಂಗಡಿಯ ಬಳಗ, ವಿಜಯಪುರ