ಡಿಸೆಂಬರಿನಲ್ಲೇ ಶಾಲೆ ಬಿಡುವ ಕ್ವಾರ್ಟರ್‌ಬ್ಯಾಕ್ ಹುಡುಗರ ಪರವಾಗಿ: ಟೆಕ್ಸಾಸ್ ಶಾಸನಸಭೆಯ ನಮ್ಮ ಪ್ರತಿನಿಧಿಗಳಿಗೆ ಬಹಿರಂಗ ಪತ್ರ

ಇವರಿಗೆ,
ನಮ್ಮ ಕ್ಷೇತ್ರದ ಪ್ರತಿನಿಧಿಗಳು,
ಟೆಕ್ಸಾಸ್ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್, ಆಸ್ಟಿನ್

ಮಾನ್ಯರೇ,

2027ರ ಜನವರಿಯಲ್ಲಿ ತಮ್ಮ ಶಾಸನಸಭೆಯ ಮುಂದಿನ ಸಾಮಾನ್ಯ ಅಧಿವೇಶನ ಸೇರಲಿದೆ. ಎರಡು ವರ್ಷಕ್ಕೊಮ್ಮೆ, ಅದೂ ಹೆಚ್ಚೆಂದರೆ 140 ದಿನ ನಡೆಯುವ ಆ ಅಧಿವೇಶನದಲ್ಲಿ ಸಾವಿರಾರು ಮಸೂದೆಗಳು ತಮ್ಮ ಮುಂದೆ ಬರುತ್ತವೆ ಎಂಬುದನ್ನು ಬಲ್ಲೆ. ಅವುಗಳ ನಡುವೆ ಒಂದು ಸಣ್ಣ ಮಸೂದೆಗೆ ಜಾಗ ಮಾಡಿಕೊಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಸೇರುವ ಸಲುವಾಗಿ ಹನ್ನೆರಡನೆಯ ತರಗತಿಯ ನಟ್ಟನಡುವೆ, ಡಿಸೆಂಬರಿನಲ್ಲಿ, ಹೈಸ್ಕೂಲು ಮುಗಿಸಿ ಹೊರಡುವ ಹುಡುಗರಿಗೆ, ಮುಖ್ಯವಾಗಿ ತಂಡದ ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳಿಗೆ, ಆ ವಸಂತದ ಸೆಮಿಸ್ಟರ್ ಮುಗಿಯುವುದರೊಳಗೆ ತಮ್ಮ ಶಾಲೆಗೆ ಮರಳಿ ಬರುವ ಹಕ್ಕನ್ನು ಕಾನೂನು ಕೊಡಬೇಕು. ನನ್ನ ಮುಖ್ಯ ಬೇಡಿಕೆ ಇದು. ಉಳಿದ ಮಾತುಗಳೆಲ್ಲ ಇದಕ್ಕೆ ಕಾರಣ ಹೇಳುವಂಥವು.

ನಾನು ಡಲ್ಲಾಸ್ ನಗರದ ಉತ್ತರಕ್ಕಿರುವ ಊರೊಂದರಲ್ಲಿ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಸರ್ಕಾರ ಮತ್ತು ಅರ್ಥಶಾಸ್ತ್ರ ಕಲಿಸುವ ಶಿಕ್ಷಕಿ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಪ್ಲೇನೊ, ಫ್ರಿಸ್ಕೊ, ಅಲೆನ್ ಸುತ್ತಮುತ್ತ ನೆಲೆಸಿರುವ ಕನ್ನಡದ ಕುಟುಂಬಗಳು ತಮ್ಮ ಮತದಾರರೂ ಹೌದು, ಅವರ ಮಕ್ಕಳು ಇದೇ ಶಾಲೆಗಳ ಬೆಂಚುಗಳಲ್ಲಿ ಕೂರುವವರೂ ಹೌದು. ಅವರಿಗೂ ಈ ವಿಷಯ ತಿಳಿದಿರಲಿ ಎಂದು ಕನ್ನಡದಲ್ಲಿ ಪ್ರಕಟಿಸುತ್ತಿದ್ದೇನೆ. ಆ ಓದುಗರಿಗಾಗಿ, ತಮಗೆ ಚೆನ್ನಾಗಿ ಗೊತ್ತಿರುವ ಕೆಲವು ಸಂಗತಿಗಳನ್ನೂ ಹೇಳಬೇಕಾಗುತ್ತದೆ. ದಯವಿಟ್ಟು ಸಹಿಸಿಕೊಳ್ಳಿ.

ಟೆಕ್ಸಾಸಿನಲ್ಲಿ ಶಾಲಾ ಫುಟ್‌ಬಾಲ್ ಎಷ್ಟು ದೊಡ್ಡದು ಎಂಬುದಕ್ಕೆ ಅಲೆನ್ ಹೈಸ್ಕೂಲಿನ ಕ್ರೀಡಾಂಗಣವನ್ನು ನೋಡಿದರೆ ಸಾಕು. ಸುಮಾರು 6 ಕೋಟಿ ಡಾಲರ್ ವೆಚ್ಚದಲ್ಲಿ ಕಟ್ಟಿ 2012ರಲ್ಲಿ ತೆರೆದ ಆ ಕ್ರೀಡಾಂಗಣದಲ್ಲಿ 18,000 ಜನ ಕೂರಬಹುದು. ಆಟದ ಋತು ಆಗಸ್ಟ್ ಕೊನೆಯಲ್ಲಿ ಆರಂಭವಾಗಿ, ಡಿಸೆಂಬರಿನಲ್ಲಿ ಆರ್ಲಿಂಗ್ಟನ್ನಿನ ಫೈನಲ್ ಪಂದ್ಯಗಳೊಂದಿಗೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಒಳ್ಳೆಯ ಆಟಗಾರರು ಕಾಲೇಜು ತಂಡ ಸೇರುವ ಒಪ್ಪಂದಕ್ಕೆ ಸಹಿ ಹಾಕಿಯೂ ಆಗಿರುತ್ತದೆ. ಹಿಂದೆ ಫುಟ್‌ಬಾಲಿನಲ್ಲಿ ಸಹಿ ಹಾಕುವ ದಿನ ಫೆಬ್ರವರಿಯಲ್ಲಿ ಬರುತ್ತಿತ್ತು. 2017ರಲ್ಲಿ ಡಿಸೆಂಬರಿನಲ್ಲೊಂದು ಅವಧಿ ತೆರೆದ ಮೇಲೆ ಹೆಚ್ಚಿನವರು ಆಗಲೇ ಸಹಿ ಹಾಕತೊಡಗಿದರು. ಡಿಸೆಂಬರಿನಲ್ಲಿ ಸಹಿ ಹಾಕಿದವರಲ್ಲಿ ಅನೇಕರು ಅದೇ ತಿಂಗಳು ಹೈಸ್ಕೂಲಿನ ಡಿಪ್ಲೊಮಾ ಪಡೆದು, ಜನವರಿಯಲ್ಲಿ ಕಾಲೇಜಿನ ಹಾಸ್ಟೆಲ್ ಸೇರುತ್ತಾರೆ.

ಈ ಅವಸರ ಕ್ವಾರ್ಟರ್‌ಬ್ಯಾಕ್‌ಗಳಿಗೇ ಏಕೆ ಹೆಚ್ಚು ಎಂಬುದು ಆಟ ಬಲ್ಲವರಿಗೆ ತಿಳಿದದ್ದೇ. ಬಹುತೇಕ ಪ್ರತಿಯೊಂದು ದಾಳಿಯಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎದುರಾಳಿಗಳ ನಿಲುವನ್ನು ಕಣ್ಣಳತೆಯಲ್ಲಿ ಓದಿ, ಎಸೆಯಬೇಕೋ ಓಡಬೇಕೋ ಇನ್ನೊಬ್ಬನಿಗೆ ಕೊಡಬೇಕೋ ಎಂದು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನು ಅವನು. ಕ್ರಿಕೆಟ್ ತಂಡದಲ್ಲಿ ವಿಕೆಟ್‌ಕೀಪರಿಗಿರುವಂತೆ ಆ ಸ್ಥಾನಕ್ಕೆ ಒಬ್ಬನೇ. ಎರಡನೆಯವನು ಎಷ್ಟೇ ಚತುರನಾದರೂ ಹೊರಗೇ ಕೂರಬೇಕು. ಕಾಲೇಜು ತಂಡದ ಆಟದ ಪುಸ್ತಕ ದಪ್ಪ, ಅದರ ಸಂಕೇತಗಳು ಹೊಸವು. ಅವನ್ನು ಕಲಿಯಲು ಸಿಗುವ ಮುಖ್ಯ ಅವಕಾಶವೆಂದರೆ ವಸಂತದಲ್ಲಿ ನಡೆಯುವ 15 ಅಭ್ಯಾಸಗಳು. ಮೇ ತಿಂಗಳವರೆಗೆ ಶಾಲೆಯಲ್ಲೇ ಇದ್ದು ಬೇಸಿಗೆಯಲ್ಲಿ ಬರುವ ಹುಡುಗನಿಗೆ ಆ ಹದಿನೈದೂ ತಪ್ಪಿಹೋಗುತ್ತವೆ. ಆ ಹೊತ್ತಿಗೆ ಜನವರಿಯಲ್ಲೇ ಬಂದವನು ಕೋಚ್‌ಗಳ ಕಣ್ಣಿಗೆ ಬಿದ್ದಿರುತ್ತಾನೆ.

ಬೇಗ ಹೋದವರಲ್ಲಿ ಗೆದ್ದವರಿದ್ದಾರೆ ಎಂಬುದನ್ನು ಮುಚ್ಚಿಡುವುದಿಲ್ಲ. ಟುವಾ ಟಾಗೊವೈಲೋವ 2017ರ ಜನವರಿಯಲ್ಲಿ ಅಲಬಾಮಾ ವಿಶ್ವವಿದ್ಯಾಲಯ ಸೇರಿ, ಮರುವರ್ಷದ ಜನವರಿಯಲ್ಲಿ ರಾಷ್ಟ್ರೀಯ ಫೈನಲ್ಲಿನ ದ್ವಿತೀಯಾರ್ಧಕ್ಕೆ ಮೈದಾನಕ್ಕಿಳಿದು ತಂಡವನ್ನು ಗೆಲ್ಲಿಸಿದರು. ಟ್ರೆವರ್ ಲಾರೆನ್ಸ್ 2018ರ ಜನವರಿಯಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯ ಸೇರಿ, ಒಂದೇ ವರ್ಷದಲ್ಲಿ ಅಲಬಾಮಾ ವಿರುದ್ಧ 44-16ರಿಂದ ಪ್ರಶಸ್ತಿ ಗೆದ್ದರು. ಇಂಥ ಕಥೆಗಳು ಪ್ರತಿ ಊರಿನ ಹುಡುಗನಿಗೂ ಬಾಯಿಪಾಠ. ಜೆ.ಟಿ. ಡೇನಿಯಲ್ಸ್ ಕಥೆಯನ್ನು ಮಾತ್ರ ಯಾರೂ ಅಷ್ಟು ಉತ್ಸಾಹದಿಂದ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಮೇಟರ್ ಡೇ ಶಾಲೆಯಲ್ಲಿ ದೇಶವೇ ಮೆಚ್ಚಿದ ಆಟಗಾರನಾಗಿದ್ದ ಅವರು ಹೈಸ್ಕೂಲಿನ ಕೊನೆಯ ವರ್ಷವನ್ನೇ ಬಿಟ್ಟು, ಮೂರು ವರ್ಷಕ್ಕೆ ಓದು ಮುಗಿಸಿ, 2018ರಲ್ಲಿ ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ತಂಡದ ಕ್ವಾರ್ಟರ್‌ಬ್ಯಾಕ್ ಆದರು. 2019ರ ಮೊದಲ ಪಂದ್ಯದಲ್ಲೇ ಮಂಡಿಗೆ ಏಟಾಯಿತು. ಆಮೇಲೆ ಜಾರ್ಜಿಯಾ, ವೆಸ್ಟ್ ವರ್ಜೀನಿಯಾ, ಕೊನೆಗೆ ನಮ್ಮ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯ. ತಲೆಗೆ ಬಿದ್ದ ಪೆಟ್ಟುಗಳ ಕಾರಣ 2023ರಲ್ಲಿ ಆಟಕ್ಕೇ ವಿದಾಯ. ಶಾಲೆ ಬೇಗ ಬಿಟ್ಟದ್ದರಿಂದಲೇ ಹೀಗಾಯಿತೆಂದು ನಾನು ವಾದಿಸುವುದಿಲ್ಲ, ಹಾಗೆ ವಾದಿಸುವುದು ನ್ಯಾಯವೂ ಅಲ್ಲ. ಆದರೆ ಹದಿನೇಳು ಹದಿನೆಂಟರ ಹುಡುಗರು ಇಪ್ಪತ್ತೆರಡು ಇಪ್ಪತ್ಮೂರರ ಗಂಡಸರ ಎದುರು ನಿಲ್ಲುವಾಗ ಆರು ತಿಂಗಳ ಬೆಳವಣಿಗೆಯೂ ಲೆಕ್ಕಕ್ಕೆ ಬರುತ್ತದೆ.

ಟೆಕ್ಸಾಸಿನದೇ ಒಂದು ಉದಾಹರಣೆ ಇದಕ್ಕಿಂತ ಹತ್ತಿರದ್ದು, ಅದರಲ್ಲಿ ಶಾಸನಸಭೆಯ ಪಾತ್ರವೂ ಇದೆ. 2020ರ ಋತುವಿನ ರಾಜ್ಯ ಫೈನಲ್ 2021ರ ಜನವರಿಯಲ್ಲಿ ಆರ್ಲಿಂಗ್ಟನ್ನಿನಲ್ಲಿ ನಡೆದಾಗ ಸೌತ್‌ಲೇಕ್ ಕ್ಯಾರೊಲ್ ತಂಡದ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್, ಆಸ್ಟಿನ್ ವೆಸ್ಟ್‌ಲೇಕ್ ತಂಡದಲ್ಲಿ ಕೇಡ್ ಕ್ಲಬ್ನಿಕ್. ಕ್ಲಬ್ನಿಕ್ ತಮ್ಮ ಕೊನೆಯ ವರ್ಷದ ಆಟವನ್ನು ಪೂರ್ತಿ ಆಡಿ, ಮತ್ತೊಮ್ಮೆ ರಾಜ್ಯ ಪ್ರಶಸ್ತಿ ಗೆದ್ದು, ಆಮೇಲೆ ಕ್ಲೆಮ್ಸನ್ ಹಾದಿ ಹಿಡಿದರು. ಯೂವರ್ಸ್ ಅಷ್ಟು ಕಾಲ ಉಳಿಯಲಿಲ್ಲ. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದು ಎಂದಾಯಿತು. ಶಾಲಾ ಆಟಗಾರರಿಗೆ ಮಾತ್ರ ಟೆಕ್ಸಾಸಿನಲ್ಲಿ ಶಾಸನಸಭೆಯ ಕಾನೂನೇ ಆ ಬಾಗಿಲನ್ನು ಮುಚ್ಚಿತ್ತು. ಆಗಸ್ಟಿನಲ್ಲಿ, ಸೀನಿಯರ್ ವರ್ಷ (ಹನ್ನೆರಡನೆಯ ತರಗತಿ) ಆರಂಭವಾಗಬೇಕಿದ್ದ ವೇಳೆಗೆ, ಯೂವರ್ಸ್ ಆ ವರ್ಷವನ್ನೇ ಬಿಟ್ಟು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟರು. ಅಲ್ಲಿ ಪಂದ್ಯವೊಂದರಲ್ಲಿ ಎರಡು ಬಾರಿ ಚೆಂಡು ಹಿಡಿದು ಬೇರೆಯವರಿಗೆ ಕೊಟ್ಟದ್ದಷ್ಟೇ ಅವರ ಆಟ. ಡಿಸೆಂಬರಿನಲ್ಲಿ ಅವರು ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಂಡು ಆಸ್ಟಿನ್ನಿಗೆ ಬಂದರು. ಮುಂದೆ ಅವರು ಚೆನ್ನಾಗಿಯೇ ಆಡಿದರು. 2023 ಮತ್ತು 2024ರ ಋತುಗಳಲ್ಲಿ ತಂಡವನ್ನು ರಾಷ್ಟ್ರೀಯ ಸೆಮಿಫೈನಲ್ಲಿಗೆ ಒಯ್ದರು. ನನ್ನ ಮನಸ್ಸು ಮರುಗುವುದು ಆ ನಾಲ್ಕು ತಿಂಗಳಿಗೆ. ಸಹಪಾಠಿಗಳು ಇಲ್ಲಿ ಸೀನಿಯರ್ ವರ್ಷದ ಮೊದಲರ್ಧ ಮುಗಿಸುವಷ್ಟರಲ್ಲಿ ಆ ಹುಡುಗ ಇನ್ನೊಂದು ರಾಜ್ಯಕ್ಕೆ ಹೋಗಿ ಮರಳಿ ಬಂದಿದ್ದ. ಮರಳಿ ಬಂದಾಗ ಶಾಲೆಯ ಪಾಲಿಗೆ ಅವನು ಓದು ಮುಗಿಸಿ ಹೋದವನು.

ನಾನು ಕೇಳುತ್ತಿರುವ ಹಕ್ಕಿನ ಅಗತ್ಯವನ್ನು ಇನ್ನೂ ಸ್ಪಷ್ಟವಾಗಿ ತೋರಿಸುವುದು ಜೂಲಿಯನ್ ಸೇಯಿನ್ ಪ್ರಕರಣ. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡಿನ ಈ ಕ್ವಾರ್ಟರ್‌ಬ್ಯಾಕ್ 2024ರ ಜನವರಿಯಲ್ಲಿ ಅಲಬಾಮಾ ಸೇರಿದರು. ಜನವರಿ 10ರಂದು ಕೋಚ್ ನಿಕ್ ಸೇಬನ್ ನಿವೃತ್ತಿ ಘೋಷಿಸಿದರು. ಯಾರನ್ನು ನಂಬಿ ಸಹಿ ಹಾಕಿದ್ದರೋ ಅವರೇ ಇಲ್ಲವಾದ ಮೇಲೆ ಸೇಯಿನ್ ಅದೇ ತಿಂಗಳು ಒಹಾಯೊ ಸ್ಟೇಟ್‌ಗೆ ಹೋದರು. ಅವರು ಪ್ರಸಿದ್ಧರು, ಕರೆಯುವವರಿದ್ದರು, ದಾರಿ ಸಿಕ್ಕಿತು. ಅಷ್ಟು ಹೆಸರಿಲ್ಲದ, ಯಾರೂ ಕರೆಯದ ಹುಡುಗನಿಗೆ ಅದೇ ಗತಿ ಬಂದರೆ ಅವನು ಎಲ್ಲಿಗೆ ಹೋಗಬೇಕು? ಕೋಚ್‌ಗಳು ಸ್ಥಾನ ಬದಲಿಸುವುದು, ಕೆಲಸ ಕಳೆದುಕೊಳ್ಳುವುದು ಹೆಚ್ಚಾಗಿ ನವೆಂಬರಿನಿಂದ ಜನವರಿಯವರೆಗೆ, ಅಂದರೆ ಈ ಹುಡುಗರು ಸಹಿ ಹಾಕಿ ಶಾಲೆ ಬಿಡುವ ತಿಂಗಳುಗಳಲ್ಲೇ. ನಮ್ಮದೇ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯವಾದ ಟೆಕ್ಸಾಸ್ ಎ ಅಂಡ್ ಎಮ್ 2023ರ ನವೆಂಬರಿನಲ್ಲಿ ಜಿಂಬೊ ಫಿಷರ್ ಅವರನ್ನು ತೆಗೆದುಹಾಕಿದಾಗ ಒಪ್ಪಂದದ ಪ್ರಕಾರ ಅವರಿಗೆ ಸಲ್ಲಬೇಕಾಗಿದ್ದ ಮೊತ್ತ 7.5 ಕೋಟಿ ಡಾಲರಿಗೂ ಹೆಚ್ಚು. ಕೋಚ್ ಹೋದರೆ ಕೋಚನ್ನು ಕಾಪಾಡಲು ಇಷ್ಟು ದೊಡ್ಡ ಒಪ್ಪಂದ ಬರೆಯಬಲ್ಲ ರಾಜ್ಯ, ಆ ಕೋಚನ್ನು ನಂಬಿ ಶಾಲೆ ಬಿಟ್ಟ ಹದಿನೇಳರ ಹುಡುಗನಿಗೆ ಅವನ ಹಳೆಯ ಬೆಂಚನ್ನಾದರೂ ಉಳಿಸಿಕೊಡಬೇಕಲ್ಲವೇ?

ಕಾಲೇಜು ಸೇರಿದ ಕ್ಷಣದಿಂದ ಎಣಿಕೆಯಾಗುವ ಆಟದ ವರ್ಷಗಳ ವಿಷಯ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಗೆ ಸೇರಿದ್ದು, ಅದನ್ನು ತಾವು ತಿದ್ದಲಾರಿರಿ. ಶಾಲೆಯ ಬಾಗಿಲು ಮಾತ್ರ ತಮ್ಮ ಅಧಿಕಾರದ ಒಳಗಿದೆ. ಡಿಪ್ಲೊಮಾ ಪಡೆದವನು ಮೇ ತಿಂಗಳೊಳಗೆ ಲಿಖಿತವಾಗಿ ಕೇಳಿದರೆ ಆ ಡಿಪ್ಲೊಮಾವನ್ನು ತಡೆಹಿಡಿದು, ಅವನನ್ನು ಮತ್ತೆ ಹಾಜರಿ ಪಟ್ಟಿಗೆ ಸೇರಿಸಿಕೊಂಡು, ಅವನ ಪಾಲಿನ ಅನುದಾನವನ್ನು ಶಾಲಾ ಜಿಲ್ಲೆಗೆ ಕೊಡುವಂತೆ ಒಂದು ಕಲಮು ಸಾಕು. ಅವನು ಮತ್ತೆ ಶಾಲಾ ತಂಡದಲ್ಲಿ ಆಡಲಿ ಎಂದು ನಾನು ಕೇಳುತ್ತಿಲ್ಲ. ರಾಜ್ಯದ ಶಾಲಾ ಕ್ರೀಡೆಗಳನ್ನು ನಡೆಸುವ ಯುಐಎಲ್ ಸಂಸ್ಥೆಯ ನಿಯಮಗಳು ಇದ್ದ ಹಾಗೇ ಇರಲಿ. ಅವನು ಓದಲಿ, ಗೆಳೆಯರ ಜೊತೆ ಇರಲಿ, ಮುಂದೇನೆಂದು ಯೋಚಿಸಲು ಅವನಿಗೆ ನಾಲ್ಕು ತಿಂಗಳು ಸಿಗಲಿ.

ಓದಿನ ವಿಷಯದಲ್ಲಿ ಶಿಕ್ಷಕಿಯಾಗಿ ನನಗೆ ಕಾಣುವುದನ್ನು ಹೇಳಿಬಿಡುತ್ತೇನೆ. ಡಿಪ್ಲೊಮಾಕ್ಕೆ ಈ ರಾಜ್ಯದಲ್ಲಿ ಕನಿಷ್ಠ 22 ಕ್ರೆಡಿಟ್, ವಿಶೇಷ ವಿಭಾಗ ಸೇರಿದರೆ 26. ಎನ್‌ಸಿಎಎ ಕೇಳುವ ಮುಖ್ಯ ಪಾಠಗಳು 16. ಡಿಸೆಂಬರಿನಲ್ಲಿ ಹೊರಡಬೇಕಾದವನು ನಾಲ್ಕನೆಯ ವರ್ಷದ ಇಂಗ್ಲಿಷನ್ನು, ಸರ್ಕಾರ ಮತ್ತು ಅರ್ಥಶಾಸ್ತ್ರದ ಅರ್ಧರ್ಧ ಕ್ರೆಡಿಟ್ಟುಗಳನ್ನು ಬೇಸಿಗೆಯ ಆನ್‌ಲೈನ್ ಪಾಠಗಳಲ್ಲಿ ಅಥವಾ ಪಂದ್ಯಗಳ ನಡುವಿನ ರಾತ್ರಿಗಳಲ್ಲಿ ಮುಗಿಸಬೇಕು. ಕ್ರೆಡಿಟ್ ಬರುತ್ತದೆ, ತರಗತಿಯಲ್ಲಿ ಕೂತು ವಾದಿಸಿ ಕಲಿಯುವುದು ಬರುವುದಿಲ್ಲ. ಈ ರಾಜ್ಯದ ಕಾನೂನಿನಂತೆ ಮತದಾರರ ನೋಂದಣಿಯ ಅರ್ಜಿಗಳನ್ನು ನಾವು ಶಾಲೆಯಲ್ಲೇ ಹಂಚುತ್ತೇವೆ. ಹದಿನೇಳು ವರ್ಷ ಹತ್ತು ತಿಂಗಳು ತುಂಬಿದವರು ಅದನ್ನು ಭರ್ತಿ ಮಾಡಬಹುದು. ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳಿಗೆ ಆ ವಯಸ್ಸು ತುಂಬುವುದು ವಸಂತದ ಸೆಮಿಸ್ಟರಿನಲ್ಲಿ. ಲಕ್ಷಗಟ್ಟಲೆ ಡಾಲರಿನ ಒಪ್ಪಂದಕ್ಕೆ ತಂದೆತಾಯಿಯ ಜೊತೆ ಸಹಿ ಹಾಕಿದ ಹುಡುಗ ಆ ಅರ್ಜಿಯ ದಿನ ತರಗತಿಯಲ್ಲಿ ಇರುವುದಿಲ್ಲ ಎಂಬುದು ಸರ್ಕಾರದ ಪಾಠ ಹೇಳುವ ನನಗೆ ನಿಜವಾಗಿ ನೋವು ಕೊಡುತ್ತದೆ.

ಓದಿನಲ್ಲಿ ಮುಂದಿರುವ ಮಕ್ಕಳೂ ಬೇಗ ಮುಗಿಸಿ ಹೋಗುತ್ತಾರಲ್ಲ, ಆಟಗಾರರನ್ನು ಮಾತ್ರ ಏಕೆ ತಡೆಯಬೇಕು ಎಂದು ಯಾರಾದರೂ ಕೇಳಬಹುದು. ನಾನು ಯಾರನ್ನೂ ತಡೆಯಿರಿ ಎನ್ನುತ್ತಿಲ್ಲ. ಇಲ್ಲಿನ ನಮ್ಮ ಕನ್ನಡದ ಮನೆಗಳಲ್ಲೂ ಮಕ್ಕಳನ್ನು ಒಂದು ವರ್ಷ ಮುಂದಕ್ಕೆ ತಳ್ಳುವ ಹಂಬಲ ಕಡಿಮೆಯಿಲ್ಲ. ಎಪಿ ಪಾಠಗಳನ್ನೂ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠಗಳು) ಕಾಲೇಜು ಕ್ರೆಡಿಟ್ಟುಗಳನ್ನೂ ಪೇರಿಸಿಕೊಂಡು ಹೋಗುವ ಮಕ್ಕಳ ತಂದೆತಾಯಿಯರು ಇದನ್ನು ಓದುತ್ತಿದ್ದರೆ, ಮರಳಿ ಬರುವ ಹಕ್ಕು ಅವರ ಮಕ್ಕಳಿಗೂ ಇರಲಿ ಎಂದೇ ನಾನು ಬಯಸುತ್ತೇನೆ. ವ್ಯತ್ಯಾಸ ಇಷ್ಟೇ: ಆ ಮಕ್ಕಳು ಹೊರಡುವ ದಿನ ಅವರ ಕಲಿಕೆಯಿಂದ ಗೊತ್ತಾಗುತ್ತದೆ, ಈ ಹುಡುಗರು ಹೊರಡುವ ದಿನ ಇನ್ನೊಬ್ಬರ ಅಭ್ಯಾಸದ ಪಟ್ಟಿಯಿಂದ ಗೊತ್ತಾಗುತ್ತದೆ. ಹಣದ ಮಾತೂ ಸುಳ್ಳಲ್ಲ. ಎನ್‌ಸಿಎಎ ವಿರುದ್ಧದ ಮೊಕದ್ದಮೆಯಲ್ಲಿ 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದೊಂದು ಕಾಲೇಜೂ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಕೊಡಬಹುದು ಎಂದಾಯಿತು. ಬಾಡಿಗೆ ಕಟ್ಟಲು ಹೆಣಗುವ ತಾಯಿಯ ಮಗನಿಗೆ ಆರು ತಿಂಗಳು ಕಾಯಿರಿ ಎಂದು ಹೇಳುವ ಅಧಿಕಾರ ನನಗಿಲ್ಲ. ಅದಕ್ಕಾಗಿಯೇ ನಿಷೇಧದ ಬದಲು ಮರಳುವ ದಾರಿಯನ್ನು ಕೇಳುತ್ತಿದ್ದೇನೆ.

ಇದರ ಜೊತೆ ಇನ್ನೆರಡು ವಿಷಯ ಸೇರಿಸಲು ಸಾಧ್ಯವಾದರೆ ಒಳ್ಳೆಯದು. ಹುಡುಗ ಶಾಲೆ ಬಿಡುವ ಮುನ್ನ ಕ್ರೀಡಾ ವಿಭಾಗದ ಅಧೀನದಲ್ಲಿಲ್ಲದ ಕೌನ್ಸೆಲರ್ ಒಬ್ಬರು ಅವನನ್ನೂ ಮನೆಯವರನ್ನೂ ಕೂರಿಸಿಕೊಂಡು, ಗಾಯವಾದರೆ ಏನು, ಕೋಚ್ ಹೋದರೆ ಏನು, ಸ್ಕಾಲರ್‌ಶಿಪ್ ಯಾವ ಷರತ್ತಿನ ಮೇಲೆ ನಿಂತಿದೆ ಎಂಬುದನ್ನು ವಿವರಿಸಿ ದಾಖಲಿಸಬೇಕು. ಮನೆಯಲ್ಲಿ ಇಂಗ್ಲಿಷ್ ಆಡದ ಕುಟುಂಬವಾದರೆ ಅವರ ಭಾಷೆಯಲ್ಲೇ ವಿವರಿಸಬೇಕು. ಹೀಗೆ ಹೊರಡುವವರೆಷ್ಟು ಮಂದಿ, ಅವರಲ್ಲಿ ಆರು ವರ್ಷದೊಳಗೆ ಕಾಲೇಜಿನ ಪದವಿ ಮುಗಿಸಿದವರೆಷ್ಟು ಮಂದಿ ಎಂಬುದನ್ನು ಟೆಕ್ಸಾಸ್ ಎಜುಕೇಶನ್ ಏಜೆನ್ಸಿ, ಯಾರ ಹೆಸರನ್ನೂ ಹೇಳದೆ, ಪ್ರತಿವರ್ಷ ಪ್ರಕಟಿಸಬೇಕು.

ಮಸೂದೆಗಳನ್ನು ಮುಂಚಿತವಾಗಿ ಸಲ್ಲಿಸುವ ಅವಕಾಶ ನವೆಂಬರಿನಲ್ಲೇ ತೆರೆಯುತ್ತದೆ. ಅದಕ್ಕೆ ಮೊದಲು ಕ್ಷೇತ್ರದ ಕಚೇರಿಯಲ್ಲಿ ಅರ್ಧ ಗಂಟೆ ಸಮಯ ಕೊಟ್ಟರೆ ಕೌನ್ಸೆಲರ್‌ಗಳನ್ನೂ ಕೋಚ್‌ಗಳನ್ನೂ ಕೆಲವು ಪೋಷಕರನ್ನೂ ಜೊತೆಗೆ ಕರೆದುಕೊಂಡು ಬರುತ್ತೇನೆ. ಶಿಕ್ಷಣ ಸಮಿತಿ ವಿಚಾರಣೆ ನಡೆಸುವುದಾದರೆ ಆಸ್ಟಿನ್ನಿಗೆ ಬಂದು ಸಾಕ್ಷ್ಯ ಹೇಳಲು ಸಿದ್ಧಳಿದ್ದೇನೆ. ತಮ್ಮ ಉತ್ತರವನ್ನು, ಅದು ಏನೇ ಇರಲಿ, ಈ ಪತ್ರ ಓದಿದವರ ಜೊತೆ ಹಂಚಿಕೊಳ್ಳಲು ಅನುಮತಿ ಕೋರುತ್ತೇನೆ.

ಗೌರವಗಳೊಂದಿಗೆ,
ತಮ್ಮ ಕ್ಷೇತ್ರದ ಮತದಾರಳೂ ಶಿಕ್ಷಕಿಯೂ ಆದ ಒಬ್ಬ ಕನ್ನಡತಿ